ಎಂಜಿನ್ ಕಾದಿದೆ ಎಂದು ವಿಮಾನ ನಿಂತಾಗ

ಏಪ್ರಿಲ್ ತಿಂಗಳ ಮಧ್ಯಾಹ್ನ. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಬೆಂಗಳೂರಿಗೆ ಹೊರಟಿದ್ದ ನಮ್ಮ ವಿಮಾನ ರನ್‌ವೇಯ ತುದಿಗೆ ಬಂದು ತಿರುಗಿ ನಿಂತಿತು. ಎಂಜಿನ್ ಸದ್ದು ಏರಿತು, ಬೆನ್ನು ಸೀಟಿಗೆ ಒತ್ತಿತು. ಹತ್ತು ಹನ್ನೆರಡು ಸೆಕೆಂಡು ಓಡಿತ್ತೋ ಇಲ್ಲವೋ, ಸದ್ದು ತಟ್ಟನೆ ಇಳಿದು ಬ್ರೇಕ್ ಬಿತ್ತು. ಎಲ್ಲರ ತಲೆಯೂ ಮುಂದಕ್ಕೆ ಬಾಗಿತು.

ಪಕ್ಕದ ಸೀಟಿನಲ್ಲಿ ಗೋಕಾಕದ ಕಡೆಯ ಒಬ್ಬ ಆಯಿ ಇದ್ದರು. ಮೊಮ್ಮಗಳ ಬಾಣಂತನಕ್ಕೆ ಹೊರಟವರು, ತೊಡೆಯ ಮೇಲೆ ಕರದಂಟಿನ ಡಬ್ಬಿ. ನನ್ನ ಮುಂಗೈ ಗಟ್ಟಿಯಾಗಿ ಹಿಡಿದು, "ಏನಾತೋ ತಮ್ಮಾ?" ಎಂದರು. ಅಷ್ಟರಲ್ಲಿ ಪೈಲಟ್ ದನಿ ಕೇಳಿಸಿತು: ಒಂದು ಎಂಜಿನ್ನಿನ ತಾಪಮಾನ ಮಿತಿ ಮೀರಿ ತೋರಿಸಿದ್ದರಿಂದ ಟೇಕ್‌ಆಫ್ ನಿಲ್ಲಿಸಿದ್ದೇವೆ, ವಾಪಸ್ ಹೋಗುತ್ತಿದ್ದೇವೆ. ಹಿಂದಿನ ಸಾಲಿನಿಂದ ಯಾರೋ, "ಎಂಜಿನ್ ಕಾದೈತಂತ. ಇನ್ನೊಂದೀಟ ಹೋಗಿದ್ರ ಬೆಂಕಿನ ಹತ್ತತಿತ್ತು" ಎಂದರು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಟೇಕ್‌ಆಫ್ ಆದ ಕೂಡಲೇ ವಿಮಾನ ಬಿದ್ದದ್ದನ್ನು ಯಾರೂ ಮರೆತಿಲ್ಲ. ಆ ಘಟನೆಯೇ ಬೇರೆ, ಇದೇ ಬೇರೆ. ಆದರೂ ಆ ಮಾತು ಕೇಳಿ ಇಡೀ ವಿಮಾನ ಸುಮ್ಮನಾಯಿತು.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಲೋಹ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಯೊಂದರ ಲ್ಯಾಬಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು. ಕಾದ ಲೋಹ ನನಗೆ ಹೊಸದಲ್ಲ. ಆದರೆ ಆಯಿಯ ಪ್ರಶ್ನೆಗೆ ಆ ಕ್ಷಣ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಎಂಜಿನ್ ಕಾಯುವುದು ಎಂದರೇನು, ಅದು ಟೇಕ್‌ಆಫ್ ಹೊತ್ತಿಗೇ ಏಕೆ ಆಗುತ್ತದೆ, ಹಾಗೆ ಆದಾಗ ಎಷ್ಟು ಅಪಾಯ? ಆಮೇಲೆ ಓದಿ, ತಿಳಿದವರನ್ನು ಕೇಳಿ ಅರಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚೋರ್ಲಾ ಘಾಟಿನ ಬಸ್ಸು ಮತ್ತು ಜೆಟ್ ಎಂಜಿನ್

ಎಂಜಿನ್ ಕಾಯಿತು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಚೋರ್ಲಾ ಘಾಟ್ ಏರುವಾಗ ದಾರಿಯ ಬದಿ ನಿಂತ ಗಾಡಿ: ಬಾನೆಟ್ ತೆರೆದಿದೆ, ರೇಡಿಯೇಟರಿನಿಂದ ಹಬೆ ಬರುತ್ತಿದೆ, ಡ್ರೈವರ್ ನೀರಿನ ಕ್ಯಾನ್ ಹಿಡಿದು ಕಾಯುತ್ತಿದ್ದಾನೆ. ಅಲ್ಲಿ ಎಂಜಿನ್ ಬಿಸಿಯಾಗುವುದೇ ರೋಗ. ಬಸ್ಸಿನ ಎಂಜಿನ್ನಿನಲ್ಲೂ ಉರಿ ಬಹಳ ಬಿಸಿ. ಆದರೆ ಅದು ಹೊತ್ತಿ ಆರುವ ಉರಿ, ನಾಲ್ಕು ಹೊಡೆತಕ್ಕೊಮ್ಮೆ ಮಾತ್ರ. ನಡುವೆ ಲೋಹಕ್ಕೆ ಉಸಿರಾಡಲು ಸಮಯ ಸಿಗುತ್ತದೆ, ಸುತ್ತ ಹರಿಯುವ ನೀರು ಬಿಸಿಯನ್ನು ಹೊತ್ತೊಯ್ಯುತ್ತದೆ.

ಜೆಟ್ ಎಂಜಿನ್ನಿನಲ್ಲಿ ಅಂಥ ರೇಡಿಯೇಟರೂ ಇಲ್ಲ, ನೀರೂ ಇಲ್ಲ. ಅದರ ಉರಿ ಬೆಳಗಾವಿಯಲ್ಲಿ ಹೊತ್ತಿದರೆ ಬೆಂಗಳೂರಿನಲ್ಲಿ ಇಳಿದು ಎಂಜಿನ್ ಆರಿಸುವವರೆಗೆ ಒಂದು ಕ್ಷಣವೂ ಆರುವುದಿಲ್ಲ. ಇಷ್ಟಾಗಿಯೂ ಅದನ್ನು ತಂಪಾಗಿ ಇಡುವುದು ಗಾಳಿ. ಉರಿಸುವುದೂ ಗಾಳಿಯೇ, ತಳ್ಳುವುದೂ ಗಾಳಿಯೇ, ತಣಿಸುವುದೂ ಗಾಳಿಯೇ. ಇದೊಂದು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಹಂಡೆಯ ನೀರು, ನಳದ ನೀರು

ಎಂಜಿನ್ನಿನ ಎದುರಿಗೆ ಕಾಣುವ ದೊಡ್ಡ ಪಂಖವೇ ಫ್ಯಾನ್. ಅದು ಎಳೆದುಕೊಳ್ಳುವ ಗಾಳಿಯಲ್ಲಿ ಬಹುಪಾಲು ಉರಿಯ ಹತ್ತಿರವೂ ಹೋಗದೆ ಹೊರಗಿನ ಸುತ್ತಿನಲ್ಲಿ ಹಾದು ಹಿಂದಕ್ಕೆ ನುಗ್ಗುತ್ತದೆ. ವಿಮಾನವನ್ನು ಮುಂದಕ್ಕೆ ತಳ್ಳುವ ಬಲದಲ್ಲಿ ದೊಡ್ಡ ಪಾಲು ಇದರದ್ದೇ. ಉಳಿದ ಸ್ವಲ್ಪ ಗಾಳಿ ಒಳಗಿನ ಕಂಪ್ರೆಸರಿಗೆ ಹೋಗುತ್ತದೆ. ಅಲ್ಲಿ ಸಾಲುಸಾಲಾಗಿ ತಿರುಗುವ ಚಕ್ರಗಳು ಅದನ್ನು ಅದುಮುತ್ತವೆ. ಇಂದಿನ ಎಂಜಿನ್ನುಗಳಲ್ಲಿ ಒತ್ತಡ ಮೂವತ್ತು ನಲವತ್ತು ಪಟ್ಟಿಗೆ ಏರುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬೆಚ್ಚಗಾಗುವುದನ್ನು ಮುಟ್ಟಿ ನೋಡಿರುತ್ತೀರಿ. ಅದೇ ಕಾರಣಕ್ಕೆ ಇಲ್ಲಿ ಉರಿ ಮುಟ್ಟುವ ಮೊದಲೇ ಗಾಳಿ ಐನೂರು ಆರುನೂರು ಡಿಗ್ರಿ ಕಾದಿರುತ್ತದೆ. (ಈ ಲೇಖನದ ಡಿಗ್ರಿಗಳೆಲ್ಲ ಸೆಲ್ಸಿಯಸ್.)

ನಂತರ ಉರಿಯ ಕೋಣೆ. ಇಂಧನ ಎಂದರೆ ಶುದ್ಧಗೊಳಿಸಿದ ಸೀಮೆಎಣ್ಣೆಯ ಜಾತಿಯದೇ. ಜ್ವಾಲೆಯ ನಡುವೆ ಸುಮಾರು 2000 ಡಿಗ್ರಿ. ಇಷ್ಟು ಬಿಸಿಯನ್ನು ನೇರವಾಗಿ ಮುಂದೆ ಬಿಟ್ಟರೆ ಯಾವ ಲೋಹವೂ ಉಳಿಯುವುದಿಲ್ಲ. ಆದ್ದರಿಂದ ಕಂಪ್ರೆಸರಿನಿಂದ ಬಂದ ಗಾಳಿಯಲ್ಲಿ ಸ್ವಲ್ಪವನ್ನಷ್ಟೇ ಉರಿಗೆ ಕೊಟ್ಟು, ಉಳಿದದ್ದನ್ನು ಜ್ವಾಲೆಯ ಸುತ್ತಲಿನ ರಂಧ್ರಗಳಿಂದ ಬೆರೆಸಿ ಹದಕ್ಕೆ ತರುತ್ತಾರೆ.

ಸ್ನಾನಕ್ಕೆ ನೀರು ತೋಡಿಕೊಳ್ಳುವುದನ್ನು ನೆನೆಯಿರಿ. ಹಂಡೆಯಲ್ಲಿ ಕುದಿಯುವ ನೀರು, ಪಕ್ಕದಲ್ಲಿ ನಳದ ತಣ್ಣೀರು. ಎರಡನ್ನೂ ಬಕೆಟ್ಟಿಗೆ ಬೆರೆಸಿ ಹದ ಮಾಡಿಕೊಳ್ಳುತ್ತೇವೆ. ಎಂಜಿನ್ನಿನಲ್ಲಿ ಹಂಡೆ ಎಂದರೆ ಉರಿ, ನಳ ಎಂದರೆ ಕಂಪ್ರೆಸರಿನ ಗಾಳಿ. ಎಂಜಿನ್ ಮಿತಿ ಮೀರಿ ಕಾದಿದೆ ಎಂದರೆ ಅರ್ಥ ಇಷ್ಟೇ: ಹಂಡೆಯ ನೀರು ಹೆಚ್ಚು ಬಿತ್ತು, ಇಲ್ಲವೇ ನಳದ ನೀರು ಕಡಿಮೆ ಬಿತ್ತು. ಹೆಚ್ಚಿನ ಸಲ ಎರಡನೆಯದೇ ಆಗಿರುತ್ತದೆ.

ಕರಗುವ ಬಿಸಿಯಲ್ಲಿ ಕರಗದ ಬ್ಲೇಡು

ಹದಗೊಂಡ ಅನಿಲ ಮೊದಲು ಬಡಿಯುವುದು ಟರ್ಬೈನಿಗೆ. ಟರ್ಬೈನ್ ಎಂದರೆ ಗಾಳಿಯಂತ್ರದ ತತ್ವದ ಚಕ್ರ. ಬಿಸಿ ಅನಿಲ ಅದನ್ನು ತಿರುಗಿಸುತ್ತದೆ, ಅದೇ ದಂಡಕ್ಕೆ ಕೂಡಿಸಿದ ಕಂಪ್ರೆಸರ್ ತಿರುಗುತ್ತದೆ, ಇನ್ನಷ್ಟು ಗಾಳಿ ಒಳಗೆ ಬರುತ್ತದೆ. ಚಕ್ರದ ಅಂಚಿಗೆ ಸುತ್ತಲೂ ಬೆರಳುದ್ದದ ಬ್ಲೇಡುಗಳು.

ಈ ಜಾಗದ ಬಗ್ಗೆ ಹೇಳುವಾಗ ನನಗೆ ಫೌಂಡ್ರಿಯೇ ನೆನಪಾಗುತ್ತದೆ. ನಾವು ಬೀಡುಕಬ್ಬಿಣವನ್ನು ಅಚ್ಚಿಗೆ ಹೊಯ್ಯುತ್ತಿದ್ದದ್ದು ಸುಮಾರು 1400 ಡಿಗ್ರಿಯಲ್ಲಿ. ಕರಗಿದ ಕಬ್ಬಿಣ ತುಂಬಿದ ಲ್ಯಾಡಲ್ ಹತ್ತಿರ ಬಂದರೆ ಮುಖದ ಚರ್ಮ ಚುರುಗುಟ್ಟುತ್ತಿತ್ತು. ಟೇಕ್‌ಆಫ್ ಹೊತ್ತಿಗೆ ಟರ್ಬೈನಿನ ಬಾಗಿಲಲ್ಲಿರುವ ಅನಿಲ ಅದಕ್ಕಿಂತ ಬಿಸಿ. ಈಗಿನ ಎಂಜಿನ್ನುಗಳಲ್ಲಿ 1500ರಿಂದ 1700 ಡಿಗ್ರಿ. ಬ್ಲೇಡು ಮಾಡಿರುವ ನಿಕ್ಕಲ್ ಮಿಶ್ರಲೋಹ 1300 ಡಿಗ್ರಿ ದಾಟಿದ ಮೇಲೆ ಕರಗತೊಡಗುತ್ತದೆ. ತನ್ನನ್ನೇ ಕರಗಿಸಬಲ್ಲ ಬಿಸಿಯ ನಡುವೆ ಆ ಬ್ಲೇಡು ನಿಮಿಷಕ್ಕೆ ಹದಿನಾಲ್ಕು ಸಾವಿರದಷ್ಟು ಸುತ್ತು ತಿರುಗುತ್ತಿರುತ್ತದೆ. ಆ ತಿರುಗುವಿಕೆಗೆ ಪ್ರತಿ ಬ್ಲೇಡೂ ಹಲವು ಟನ್ ಬಲದಿಂದ ಹೊರಗೆ ಕಿತ್ತುಹೋಗಲು ಎಳೆಯುತ್ತದೆ. ಲೋಹದ ಕೆಲಸ ಗೊತ್ತಿರುವ ಯಾರಿಗೂ ಇದು ಮೊದಲ ಸಲ ನಂಬಲಾಗದ ಮಾತು. ನನಗೂ ಹಾಗೆಯೇ ಆಗಿತ್ತು.

ಹಾಗಾದರೆ ಅದು ಉಳಿಯುವುದು ಹೇಗೆ? ಮೂರು ಕಾವಲುಗಳಿವೆ.

ಬ್ಲೇಡು ಒಳಗೆ ಟೊಳ್ಳು. ಕಂಪ್ರೆಸರಿನಿಂದ ಕದ್ದು ತಂದ ಗಾಳಿ ಅದರ ಹೊಟ್ಟೆಯ ಸುರುಳಿ ದಾರಿಗಳಲ್ಲಿ ಹರಿದು, ಮೈಮೇಲಿನ ಅರ್ಧ ಮಿಲಿಮೀಟರಿನ ಆಸುಪಾಸಿನ ರಂಧ್ರಗಳಿಂದ ಹೊರಬಂದು, ಬ್ಲೇಡಿನ ಮೇಲೆ ತೆಳು ಪೊರೆಯಂತೆ ಹಾಸಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಜೋಳದ ರೊಟ್ಟಿ ಮಾಡುವಾಕೆ ಕೈ ನೀರಿಗೆ ಅದ್ದಿ ಹಂಚಿನ ಮೇಲಿನ ರೊಟ್ಟಿಗೆ ಸವರುವುದನ್ನು ನೋಡಿದ್ದೀರಲ್ಲ, ಬೆರಳಿಗೂ ಬಿಸಿಗೂ ನಡುವೆ ಒಂದು ನೀರಿನ ಪದರ ಇರುವುದರಿಂದಲೇ ಆಕೆಯ ಕೈ ಸುಡುವುದಿಲ್ಲ. ಇಲ್ಲಿ ಆ ಪದರ ಗಾಳಿಯದು. ಅದೂ ಆರುನೂರು ಡಿಗ್ರಿಯ ಆಸುಪಾಸಿನ ಗಾಳಿ. ಆ ಜಾಗದಲ್ಲಿ ಅದೇ ತಂಗಾಳಿ.

ಎರಡನೆಯದು ಲೇಪ. ಮಿಲಿಮೀಟರಿನ ಕಾಲು ಭಾಗದಷ್ಟು ದಪ್ಪದ ಜಿರ್ಕೋನಿಯಾ ಎಂಬ ಸೆರಾಮಿಕ್. ಕುಲುಮೆಯ ಒಳಗೋಡೆಗೆ ನಾವು ಮಾಡುತ್ತಿದ್ದ ಲೈನಿಂಗಿನ ಕೆಲಸವನ್ನೇ ಇದು ಮಾಡುತ್ತದೆ.

ಮೂರನೆಯದು ಲೋಹದ ಒಳಕಟ್ಟು. ಬೀಡು ಎರಕವನ್ನು ಒಡೆದು ನೋಡಿದರೆ ಒಳಗೆ ಸಕ್ಕರೆಯಂತೆ ಹರಳು ಮಿನುಗುತ್ತವೆ. ಸಾಮಾನ್ಯ ಲೋಹ ಎಂದರೆ ಹೀಗೆ ಕೂಡಿಕೊಂಡ ಅಸಂಖ್ಯ ಹರಳುಗಳು. ಬಹಳ ಕಾಯಿಸಿ ಎಳೆದಾಗ ಲೋಹ ಸೋಲುವುದು ಹರಳು ಹರಳಿನ ನಡುವಿನ ಗೆರೆಯಲ್ಲಿ. ಆ ಗೆರೆಯೇ ಇಲ್ಲದಿದ್ದರೆ? ಹಾಗೆ ಇಡೀ ಬ್ಲೇಡನ್ನು ಒಂದೇ ಹರಳಾಗಿ ಎರಕ ಹೊಯ್ಯುತ್ತಾರೆ. ಮೇಣದ ಪ್ರತಿಮೆ ಮಾಡಿ, ಅದರ ಸುತ್ತ ಸೆರಾಮಿಕ್ ಕಟ್ಟಿ, ಮೇಣ ಕರಗಿಸಿ ತೆಗೆದು, ಆ ಪೊಳ್ಳಿಗೆ ಲೋಹ ಹೊಯ್ಯುವುದು. ಪಂಚಲೋಹದ ಮೂರ್ತಿ ಮಾಡುವವರ ಹಳೆಯ ವಿದ್ಯೆಯೇ ಇದಕ್ಕೆ ಬುನಾದಿ. ಆದರೆ ಲೋಹ ಬುಡದಿಂದ ಮೇಲಕ್ಕೆ ಇಷ್ಟಿಷ್ಟೇ ಗಟ್ಟಿಯಾಗುವಂತೆ ನೋಡಿಕೊಳ್ಳುವುದು ಬಲು ಕಷ್ಟ, ಜಗತ್ತಿನಲ್ಲಿ ಕೆಲವೇ ದೇಶಗಳಿಗೆ ಕೈಹಿಡಿದಿದೆ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯ ಹೆಲಿಕಾಪ್ಟರ್ ಎಂಜಿನ್ನಿಗೆ ಇಂಥ ಬ್ಲೇಡುಗಳನ್ನು ಮಾಡಿ 2021ರಲ್ಲಿ ಎಚ್‌ಎಎಲ್‌ಗೆ ಕೊಟ್ಟಿದೆ. ನಮ್ಮ ಹತ್ತರಗಿಯಲ್ಲೂ ವಿಮಾನದ ಬಿಡಿಭಾಗಗಳು ತಯಾರಾಗುತ್ತಿವೆ. ಎರಕದ ಊರಿನವನಾಗಿ ಈ ವಿದ್ಯೆ ಇನ್ನೂ ಹತ್ತಿರ ಬರಲಿ ಎಂಬ ಆಸೆ ನನ್ನದು.

ಲೋಹ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಹಳೆಯ ಉದಾಹರಣೆ ಸಾಕು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಜರ್ಮನಿ ಜೆಟ್ ಯುದ್ಧವಿಮಾನ ಹಾರಿಸಿತು. ಅದರ ಯೂಮೋ 004 ಎಂಜಿನ್ನಿಗೆ ಬೇಕಾದಷ್ಟು ನಿಕ್ಕಲ್ ಸಿಗಲಿಲ್ಲ. ಆ ಎಂಜಿನ್ ಬಾಳುತ್ತಿದ್ದದ್ದು ಹತ್ತರಿಂದ ಇಪ್ಪತ್ತೈದು ಗಂಟೆ. ಈಗಿನ ಪ್ರಯಾಣಿಕ ವಿಮಾನದ ಎಂಜಿನ್ ರೆಕ್ಕೆಯಿಂದ ಬಿಚ್ಚದೆಯೇ ಸಾವಿರಾರು ಗಂಟೆ ಹಾರುತ್ತದೆ.

ಮಿತಿ ಮೀರಿದರೆ ಏನಾಗುತ್ತದೆ?

ಹಿಂದಿನ ಸಾಲಿನವರು ಹೇಳಿದಂತೆ ಕೂಡಲೇ ಬೆಂಕಿ ಹತ್ತುವುದಿಲ್ಲ. ಮೊದಲು ನಡೆಯುವುದು ಬ್ಲೇಡು ಹಿಗ್ಗುವುದು. ಹಳೆಯ ನವಾರದ ಮಂಚ ನೆನಪಿಸಿಕೊಳ್ಳಿ. ಪಟ್ಟಿ ಹರಿಯುವುದಿಲ್ಲ, ಆದರೆ ವರ್ಷಗಳು ಕಳೆದಂತೆ ಜೋತು ಬೀಳುತ್ತದೆ. ಕಾದ ಲೋಹವೂ ಎಳೆತಕ್ಕೆ ಹಾಗೆಯೇ ತುಸುತುಸುವೇ ಉದ್ದವಾಗುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ. ಬ್ಲೇಡಿನ ಲೋಹ ಲೆಕ್ಕ ಹಾಕಿದ್ದಕ್ಕಿಂತ ಬರೀ 30 ಡಿಗ್ರಿ ಹೆಚ್ಚು ಕಾದರೆ ಅದರ ಆಯುಷ್ಯ ಅರ್ಧವಾಗಬಹುದು. ಅಂದರೆ ಕೆಲವು ಸೆಕೆಂಡು ಮಿತಿ ಮೀರಿದರೆ ಎಂಜಿನ್ ಸಿಡಿಯುವುದಿಲ್ಲ, ಅದರ ಮುಂದಿನ ದಿನಗಳು ಖರ್ಚಾಗುತ್ತವೆ. ಬಹಳ ಮೀರಿದರೆ, ಬಹಳ ಹೊತ್ತು ಮೀರಿದರೆ ಬ್ಲೇಡಿನ ಅಂಚು ಸುಟ್ಟು ಮುರಿಯಬಹುದು. ಆಗ ಆ ಚೂರು ಹಿಂದಿನ ಸಾಲಿನ ಬ್ಲೇಡುಗಳನ್ನೂ ಕೆಡಿಸುತ್ತದೆ.

ಪೈಲಟ್ ನೋಡುವ ಸಂಖ್ಯೆ

ಫೌಂಡ್ರಿಯಲ್ಲಿ ನಾವು ಕರಗಿದ ಕಬ್ಬಿಣದ ಬಿಸಿ ಅಳೆಯಲು ಉದ್ದನೆಯ ಕೋಲಿನ ತುದಿಗೆ ಕಾಗದದ ಕೊಳವೆಯೊಳಗಿನ ಥರ್ಮೊಕಪಲ್ ಸಿಕ್ಕಿಸಿ ಅದ್ದುತ್ತಿದ್ದೆವು. ಬೇರೆ ಬೇರೆ ಲೋಹದ ಎರಡು ತಂತಿಗಳನ್ನು ಕೂಡಿಸಿ ಆ ಕೂಡಿದ ತುದಿ ಕಾಯಿಸಿದರೆ ಸಣ್ಣ ವಿದ್ಯುತ್ ಹುಟ್ಟುತ್ತದೆ, ಅದರಿಂದ ಬಿಸಿ ಗೊತ್ತಾಗುತ್ತದೆ. ನಾಲ್ಕೈದು ಸೆಕೆಂಡಿನಲ್ಲಿ ಮೀಟರ್ ಅಂಕಿ ತೋರಿಸುತ್ತಿತ್ತು, ಅಷ್ಟರಲ್ಲಿ ತುದಿ ಸುಟ್ಟುಹೋಗುತ್ತಿತ್ತು. ಅದನ್ನು ಎಸೆದು ಮುಂದಿನ ಸಲಕ್ಕೆ ಹೊಸದು.

ವಿಮಾನದಲ್ಲೂ ಅಳೆಯುವುದು ಥರ್ಮೊಕಪಲ್ಲೇ. ಆದರೆ ಅಲ್ಲಿ ಅದು ಸಾವಿರಾರು ಗಂಟೆ ಬಾಳಬೇಕು. ಆದ್ದರಿಂದ ಅತಿ ಬಿಸಿಯ ಜಾಗದಲ್ಲಿ ಇಡದೆ, ಅನಿಲ ಒಂದೆರಡು ಚಕ್ರ ತಿರುಗಿಸಿ ಸ್ವಲ್ಪ ತಣಿದ ಮೇಲಿನ ಜಾಗದಲ್ಲಿ ಸುತ್ತಲೂ ಇಡುತ್ತಾರೆ. ಇಲ್ಲಿ ಸಿಗುವ ಸಂಖ್ಯೆಗೆ ಎಕ್ಸಾಸ್ಟ್ ಗ್ಯಾಸ್ ಟೆಂಪರೇಚರ್, ಚಿಕ್ಕದಾಗಿ ಇಜಿಟಿ ಎನ್ನುತ್ತಾರೆ. ಒಳಗಿನ ನಿಜವಾದ ಬಿಸಿಯನ್ನು ಇದರಿಂದ ಲೆಕ್ಕ ಹಾಕಬೇಕು. ಬಾಗಿಲ ಹೊರಗೆ ನಿಂತು ಒಲೆಯ ಕಾವು ಅಂದಾಜಿಸಿದ ಹಾಗೆ.

ಬೋಯಿಂಗ್ 737-800 ವಿಮಾನಗಳಲ್ಲಿರುವ ಸಿಎಫ್‌ಎಂ56-7ಬಿ ಎಂಜಿನ್ನಿಗೆ ಟೇಕ್‌ಆಫ್‌ನಲ್ಲಿ ಇಜಿಟಿಯ ಕೆಂಪು ಗೆರೆ 950 ಡಿಗ್ರಿ. ಅದೂ ಐದು ನಿಮಿಷಕ್ಕೆ ಮಾತ್ರ. ಎಡೆಬಿಡದೆ ಓಡಿಸುವುದಾದರೆ ಮಿತಿ 925. ನಡುವೆ ಇರುವುದು 25 ಡಿಗ್ರಿ ಅಷ್ಟೇ, ಆದರೆ ಆ ಇಪ್ಪತ್ತೈದಕ್ಕೂ ಗಡಿಯಾರ ಹಿಡಿದು ಲೆಕ್ಕ ಇಟ್ಟಿದ್ದಾರೆ. ಪ್ರತಿ ಎಂಜಿನ್ನಿಗೂ ತನ್ನದೇ ಗೆರೆ ಇರುತ್ತದೆ. ನಮ್ಮ ಕಡೆ ಹಾರುವ ಎಟಿಆರ್‌ನಂಥ ಪಂಖದ ವಿಮಾನಗಳ ಹೊಟ್ಟೆಯಲ್ಲೂ ಇದೇ ಬಗೆಯ ಟರ್ಬೈನ್ ಇದೆ, ಅಲ್ಲೂ ಇಂಥದೇ ಒಂದು ಮಿತಿ ಇದೆ.

ಹೊಸ ಎಂಜಿನ್ ಪೂರ್ತಿ ಬಲ ಕೊಟ್ಟಾಗಲೂ ಕೆಂಪು ಗೆರೆಗಿಂತ ಹತ್ತಾರು ಡಿಗ್ರಿ ಕೆಳಗೇ ಇರುತ್ತದೆ. ಈ ಉಳಿಕೆಗೆ ಇಜಿಟಿ ಮಾರ್ಜಿನ್ ಎಂದು ಹೆಸರು. ಎಂಜಿನ್ ಹಳೆಯದಾದಂತೆ ಬ್ಲೇಡಿನ ತುದಿ ಸವೆಯುತ್ತದೆ, ಕಂಪ್ರೆಸರಿಗೆ ಧೂಳು ಮೆತ್ತುತ್ತದೆ, ಅದೇ ಬಲಕ್ಕೆ ಹೆಚ್ಚು ಇಂಧನ ಬೇಕಾಗುತ್ತದೆ, ಉಳಿಕೆ ಕರಗುತ್ತಾ ಬರುತ್ತದೆ. ವಿಮಾನ ಸಂಸ್ಥೆಗಳು ಇದನ್ನು ಪ್ರತಿ ಹಾರಾಟದಲ್ಲೂ ದಾಖಲಿಸುತ್ತವೆ. ಕಂಪ್ರೆಸರನ್ನು ನೀರು ಹಾಯಿಸಿ ತೊಳೆದರೆ ಕೆಲವು ಡಿಗ್ರಿ ವಾಪಸ್ ಬರುತ್ತವೆ. ಉಳಿಕೆ ಪೂರ್ತಿ ತೀರುವ ಮೊದಲೇ ಎಂಜಿನ್ ಬಿಚ್ಚಿ ದುರಸ್ತಿಗೆ ಕಳಿಸಬೇಕು.

ಟೇಕ್‌ಆಫ್‌ನಲ್ಲೇ ಏಕೆ, ಸಾಂಬ್ರಾದಲ್ಲಿ ಏನು ವಿಶೇಷ

ತುಂಬಿದ ಕಬ್ಬಿನ ಟ್ರ್ಯಾಕ್ಟರ್ ನಿಂತಲ್ಲಿಂದ ಎದ್ದು ಹೊರಡುವಾಗ ಎಷ್ಟು ಒದ್ದಾಡುತ್ತದೆ, ಆಮೇಲೆ ಎಷ್ಟು ಸಲೀಸಾಗಿ ಹೋಗುತ್ತದೆ! ವಿಮಾನಕ್ಕೂ ಅಷ್ಟೇ. ಇಡೀ ಪ್ರಯಾಣದಲ್ಲಿ ಎಂಜಿನ್ನಿನಿಂದ ಅತಿ ಹೆಚ್ಚು ಬಲ ಕೇಳುವುದು ಈ ಮೊದಲ ಒಂದೆರಡು ನಿಮಿಷ. ಅದೂ ನೆಲಮಟ್ಟದ ಬಿಸಿಗಾಳಿಯಲ್ಲಿ, ಇಂಧನ ತುಂಬಿದ ಭಾರದಲ್ಲಿ.

ಇನ್ನೊಂದು ಸಂಗತಿ ಹೆಚ್ಚು ಜನರಿಗೆ ಗೊತ್ತಿಲ್ಲ. ಬಲ ಏರಿಸಿದ ಕೂಡಲೇ ಎಂಜಿನ್ನಿನ ಹೊರಕವಚ ತೆಳುವಾದ್ದರಿಂದ ಬೇಗ ಕಾದು ಹಿಗ್ಗುತ್ತದೆ. ಒಳಗಿನ ದಪ್ಪ ಚಕ್ರ ನಿಧಾನವಾಗಿ ಕಾಯುತ್ತದೆ. ಈ ನಡುವೆ ಬ್ಲೇಡಿನ ತುದಿಗೂ ಕವಚಕ್ಕೂ ಇರುವ ಸಂದು ಅಗಲವಾಗಿ, ಬಿಸಿ ಅನಿಲ ಕೆಲಸ ಮಾಡದೆ ಆ ಸಂದಿಯಲ್ಲಿ ನುಸುಳಿ ಹೋಗುತ್ತದೆ. ನಷ್ಟ ತುಂಬಲು ಕಂಪ್ಯೂಟರ್ ಇಂಧನ ಹೆಚ್ಚಿಸುತ್ತದೆ. ಅದಕ್ಕೇ ಬಲ ಏರಿಸಿದ ಸುಮಾರು ಒಂದು ನಿಮಿಷದೊಳಗೆ ಇಜಿಟಿ ಶಿಖರ ಮುಟ್ಟಿ, ಚಕ್ರವೂ ಕಾದು ಹಿಗ್ಗಿದ ಮೇಲೆ ತುಸು ಇಳಿಯುತ್ತದೆ. ಎಂಜಿನ್ ಹೊತ್ತಿಸಿದ ಮೇಲೆ ಕೆಲವು ನಿಮಿಷ ಸುಮ್ಮನೆ ಓಡಿಸಿ ಬೆಚ್ಚಗಾಗಲು ಬಿಡುವುದು ಇದೇ ಕಾರಣಕ್ಕೆ.

ಈಗ ಸಾಂಬ್ರಾಕ್ಕೆ ಬರೋಣ. 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ ಈ ನಿಲ್ದಾಣ ಸಮುದ್ರಮಟ್ಟದಿಂದ 758 ಮೀಟರ್ ಎತ್ತರದಲ್ಲಿದೆ. ರನ್‌ವೇ ಉದ್ದ 2300 ಮೀಟರ್. ಎತ್ತರ ಹೋದಂತೆ ಗಾಳಿ ತೆಳುವಾಗುತ್ತದೆ, ಬಿಸಿಯಾದಂತೆ ಇನ್ನೂ ತೆಳುವಾಗುತ್ತದೆ. 37 ಡಿಗ್ರಿಯ ಮಧ್ಯಾಹ್ನ ಇಲ್ಲಿನ ಗಾಳಿಯ ಸಾಂದ್ರತೆ, ಸಮುದ್ರಮಟ್ಟದಲ್ಲಿ 15 ಡಿಗ್ರಿಯಿದ್ದಾಗ ಇರುವುದಕ್ಕಿಂತ ಸುಮಾರು 15 ಪ್ರತಿಶತ ಕಡಿಮೆ. ಸ್ನಾನದ ಲೆಕ್ಕದಲ್ಲಿ ಹೇಳುವುದಾದರೆ ನಳದಲ್ಲಿ ನೀರೂ ಸಣ್ಣಗೆ ಬರುತ್ತಿದೆ, ಬಿಸಿಲಿಗೆ ಟಾಕಿಯೇ ಕಾದು ಬರುವ ನೀರೂ ಬೆಚ್ಚಗಿದೆ. ಹೊರಗಿನ ಗಾಳಿ 1 ಡಿಗ್ರಿ ಹೆಚ್ಚಾದರೆ, ಅದೇ ಬಲ ಕೊಡಲು ಇಜಿಟಿ ಸುಮಾರು 3 ಡಿಗ್ರಿ ಏರುತ್ತದೆ.

ಇದಕ್ಕೊಂದು ಕೊನೆ ಬೇಕಲ್ಲ? ಎಂಜಿನ್ ತಯಾರಕರು ಹೊರಗಿನ ಗಾಳಿಯ ಒಂದು ತಾಪಮಾನ ಗೊತ್ತುಮಾಡಿರುತ್ತಾರೆ. ಅಲ್ಲಿಯವರೆಗೆ ಪೂರ್ತಿ ಬಲ ಖಾತ್ರಿ. ಅದರಾಚೆ ಕಂಪ್ಯೂಟರ್ ಬಲವನ್ನೇ ತಗ್ಗಿಸುತ್ತಾ ಹೋಗುತ್ತದೆ, ಬಿಸಿ ಏರದಂತೆ ನೋಡಿಕೊಳ್ಳುತ್ತದೆ. ಅನೇಕ ಎಂಜಿನ್ನುಗಳಿಗೆ ಸಮುದ್ರಮಟ್ಟದಲ್ಲಿ ಈ ಅಂಕಿ 30 ಡಿಗ್ರಿ. ಎತ್ತರಕ್ಕೆ ತಕ್ಕಂತೆ ಇದು ಇಳಿಯುತ್ತದೆ, ಸಾಂಬ್ರಾದ ಎತ್ತರಕ್ಕೆ ಸುಮಾರು 25. ಅಂದರೆ ನಮ್ಮೂರಿನ ಬೇಸಿಗೆಯಲ್ಲಿ ಬೆಳಗಿನ ತಂಪು ಕಳೆದ ಮೇಲೆ ಇಂಥ ಎಂಜಿನ್ನಿನಿಂದ ಪೂರ್ತಿ ಬಲ ಸಿಗುವುದೇ ಇಲ್ಲ. ಆಗ ಭಾರ ಇಳಿಸಬೇಕಾಗುತ್ತದೆ. ಮಧ್ಯಾಹ್ನದ ವಿಮಾನದಲ್ಲಿ ಸೀಟು ಖಾಲಿ ಬಿಟ್ಟು, ಇಲ್ಲವೇ ಲಗೇಜು ಇಳಿಸಿ ಹೊರಟರೆ ಅದರ ಹಿಂದೆ ಈ ಲೆಕ್ಕವೂ ಇರಬಹುದು.

ತದ್ವಿರುದ್ಧವಾಗಿ ತಂಪು ಹೊತ್ತಿನಲ್ಲಿ, ಹಗುರ ವಿಮಾನಕ್ಕೆ ಪೂರ್ತಿ ಬಲ ಬೇಕಾಗುವುದಿಲ್ಲ. ಆಗ ಪೈಲಟ್ ಕಂಪ್ಯೂಟರಿಗೆ ಹೊರಗಿನ ತಾಪಮಾನ 20 ಇದ್ದರೂ 50 ಎಂದು ತುಂಬುತ್ತಾರೆ. ಅಷ್ಟು ಬಿಸಿಲಿಗೆ ತಕ್ಕಂತೆ ಎಂಜಿನ್ ಕಡಿಮೆ ಬಲ ಕೊಡುತ್ತದೆ, ಟರ್ಬೈನ್ ತಂಪಾಗಿರುತ್ತದೆ, ಬ್ಲೇಡಿನ ಆಯುಷ್ಯ ಉಳಿಯುತ್ತದೆ. ಬೇಕೆನಿಸಿದರೆ ಲಿವರ್ ಮುಂದಕ್ಕೆ ತಳ್ಳಿದ ಕೂಡಲೇ ಪೂರ್ತಿ ಬಲ ಸಿಗುತ್ತದೆ. ದಿನನಿತ್ಯದ ಬಹುಪಾಲು ಟೇಕ್‌ಆಫ್‌ಗಳು ಹೀಗೇ ಆಗುವುದು.

ಹಾಗಿದ್ದರೂ ಗೆರೆ ದಾಟುವುದು ಯಾವಾಗ?

ಹಕ್ಕಿ ನುಗ್ಗಿ ಕಂಪ್ರೆಸರಿನ ಬ್ಲೇಡು ಬಾಗಿದರೆ ಗಾಳಿ ಸರಿಯಾಗಿ ಒಳಗೆ ಹೋಗುವುದಿಲ್ಲ. ಕೆಲವೊಮ್ಮೆ ಒಳಗಿನ ಒತ್ತಡದ ಗಾಳಿ ಹಿಂದಿರುಗಿ ಮುಂದಕ್ಕೆ ನುಗ್ಗುತ್ತದೆ. ಇದಕ್ಕೆ ಸರ್ಜ್ ಎನ್ನುತ್ತಾರೆ. ಗುಂಡು ಹಾರಿದಂಥ ಸದ್ದು, ಕಿಟಕಿಯಾಚೆ ಬೆಂಕಿಯ ನಾಲಿಗೆ. ಗಾಳಿ ನಿಂತಿದೆ, ಇಂಧನ ಬೀಳುತ್ತಲೇ ಇದೆ, ಇಜಿಟಿ ಜಿಗಿಯುತ್ತದೆ. ನೋಡಲು ಭಯಂಕರ. ಬಲ ತಗ್ಗಿಸಿದರೆ ಅನೇಕ ಸಲ ತಾನೇ ಸರಿಹೋಗುತ್ತದೆ.

ಕಂಪ್ರೆಸರಿನಿಂದ ಹೆಚ್ಚಿನ ಗಾಳಿಯನ್ನು ಹೊರಗೆ ಬಿಡುವ ಬ್ಲೀಡ್ ವಾಲ್ವುಗಳಿರುತ್ತವೆ. ಟೇಕ್‌ಆಫ್‌ನಲ್ಲಿ ಮುಚ್ಚಿರಬೇಕಾದ ವಾಲ್ವು ತೆರೆದೇ ಉಳಿದರೆ, ಸ್ನಾನಕ್ಕೆ ಬರಬೇಕಾದ ನೀರು ಹಿತ್ತಲಿನ ನಳದಲ್ಲಿ ಹರಿದುಹೋದಂತೆ. ಮರಳುಗಾಡಿನ ಧೂಳು ಇನ್ನೊಂದು ಕಾಟ. ಆ ಸಣ್ಣ ಕಣಗಳು ಉರಿಯಲ್ಲಿ ಕರಗಿ ಗಾಜಿನಂತೆ ಬ್ಲೇಡಿಗೆ ಅಂಟಿ ತಂಪಿನ ರಂಧ್ರಗಳನ್ನೇ ಮುಚ್ಚುತ್ತವೆ. ಇಷ್ಟಲ್ಲದೆ ಥರ್ಮೊಕಪಲ್ ಅಥವಾ ಅದರ ತಂತಿಯೇ ಕೆಟ್ಟು ಸುಳ್ಳು ಅಂಕಿ ತೋರಿಸುವುದೂ ಉಂಟು.

ಆ ಮೂವತ್ತು ನಲವತ್ತು ಸೆಕೆಂಡು

ಓಟ ಶುರುವಾಗಿ ನೆಲ ಬಿಡುವವರೆಗೆ ಹೆಚ್ಚೆಂದರೆ ಮೂವತ್ತು ನಲವತ್ತು ಸೆಕೆಂಡು. ಅಷ್ಟರಲ್ಲಿ ಚರ್ಚೆಗೆ ಸಮಯವಿಲ್ಲ. ಆದ್ದರಿಂದ ನಿರ್ಧಾರಗಳು ಮೊದಲೇ ಆಗಿರುತ್ತವೆ. ವೇಗ 80 ಅಥವಾ 100 ನಾಟ್, ಅಂದರೆ ಗಂಟೆಗೆ ಸುಮಾರು 150ರಿಂದ 185 ಕಿಲೋಮೀಟರ್ ಮುಟ್ಟುವವರೆಗೆ, ಇಜಿಟಿ ಮಿತಿ ಮೀರಿದಂಥ ತೊಂದರೆಗೂ ನಿಲ್ಲಿಸುತ್ತಾರೆ. ನಮ್ಮ ವಿಮಾನ ನಿಂತದ್ದು ಈ ಹಂತದಲ್ಲಿ. ಅದರ ಮೇಲಿನ ವೇಗದಲ್ಲಿ ಬೆಂಕಿ, ಎಂಜಿನ್ ಪೂರ್ತಿ ಕೈಕೊಡುವುದು, ವಿಮಾನ ಹಾರಲಾರದು ಎನಿಸುವುದು, ಇಂಥ ದೊಡ್ಡ ಕಾರಣಗಳಿಗೆ ಮಾತ್ರ.

ಕೊನೆಯ ಗೆರೆಗೆ ವಿ-ಒನ್ ಎಂದು ಹೆಸರು. ಅಂದಿನ ಭಾರ, ಬಿಸಿಲು, ರನ್‌ವೇ ಉದ್ದ ಎಲ್ಲ ಸೇರಿಸಿ ಪ್ರತಿ ಸಲವೂ ಲೆಕ್ಕ ಹಾಕುವ ವೇಗ ಇದು. ಇದನ್ನು ದಾಟಿದ ಮೇಲೆ ಉಳಿದ ರನ್‌ವೇಯಲ್ಲಿ ನಿಲ್ಲಲು ಜಾಗ ಸಾಲುವುದಿಲ್ಲ, ಆದರೆ ಒಂದೇ ಎಂಜಿನ್ನಿನಲ್ಲಿ ಏರಲು ಸಾಧ್ಯ. ಹಾಗಾಗಿ ಏರಲೇಬೇಕು. ಒಂದು ಎಂಜಿನ್ ಸತ್ತರೂ, ಚಕ್ರ ಮಡಚಿದ ಮೇಲೆ ಮುಂದಕ್ಕೆ ಹೋಗುವ ಪ್ರತಿ ನೂರು ಮೀಟರಿಗೆ ಕನಿಷ್ಠ 2.4 ಮೀಟರ್ ಏರಬಲ್ಲದು ಎಂದು ತೋರಿಸಿದರೆ ಮಾತ್ರ ಎರಡು ಎಂಜಿನ್ನಿನ ವಿಮಾನಕ್ಕೆ ಆ ಭಾರದಲ್ಲಿ ಹೊರಡಲು ಅವಕಾಶ. ಮಧ್ಯಾಹ್ನ ಲಗೇಜು ಇಳಿಸುವುದು ಬಹಳ ಸಲ ಈ 2.4ಕ್ಕಾಗಿ.

ಇಲ್ಲೊಂದು ವಿಷಯ ನನ್ನನ್ನು ಬಹಳ ಯೋಚಿಸುವಂತೆ ಮಾಡಿತು. ಅನೇಕ ಎಂಜಿನ್ನುಗಳಲ್ಲಿ ಟೇಕ್‌ಆಫ್ ವೇಳೆ ಇಜಿಟಿ ಕೆಂಪು ಗೆರೆ ದಾಟಿದರೂ ಕಂಪ್ಯೂಟರ್ ತಾನಾಗಿ ಬಲ ಕಡಿತ ಮಾಡುವುದಿಲ್ಲ. ಮರೆತದ್ದಲ್ಲ, ಬೇಕೆಂದೇ ಹಾಗೆ ಬಿಟ್ಟಿದ್ದಾರೆ. ನೆಲದಿಂದ ನೂರಡಿ ಮೇಲಿದ್ದಾಗ ಬ್ಲೇಡಿನ ಆಯುಷ್ಯಕ್ಕಿಂತ ಮೇಲೇರುವ ಬಲ ದೊಡ್ಡದು. ಸುರಕ್ಷಿತ ಎತ್ತರ ತಲುಪಿದ ಮೇಲೆ ಪೈಲಟ್ ಆ ಎಂಜಿನ್ನಿನ ಲಿವರನ್ನು ನಿಧಾನವಾಗಿ ಹಿಂದಕ್ಕೆ ತರುತ್ತಾರೆ. ಬಿಸಿ ಮಿತಿಯೊಳಗೆ ಬಂದರೆ ಕಡಿಮೆ ಬಲದಲ್ಲಿ ಓಡಲು ಬಿಡುತ್ತಾರೆ. ಬರದಿದ್ದರೆ ಆರಿಸಿ, ಇನ್ನೊಂದರಲ್ಲಿ ಹಾರಿ ಇಳಿಸುತ್ತಾರೆ.

ಬಿಸಿ ಬೇರೆ, ಬೆಂಕಿ ಬೇರೆ

ಇಜಿಟಿ ಏರುವುದು ಎಂಜಿನ್ನಿನ ಒಳಗಿನ, ಉರಿ ಇರಬೇಕಾದ ಜಾಗದ ಮಾತು. ಬೆಂಕಿಯ ಎಚ್ಚರಿಕೆ ಎಂದರೆ ಉರಿ ಇರಬಾರದ ಜಾಗದಲ್ಲಿ, ಅಂದರೆ ಎಂಜಿನ್ನಿಗೂ ಅದರ ಹೊರಹೊದಿಕೆಗೂ ನಡುವೆ ಬಿಸಿ ಕಂಡಿದೆ ಎಂದು. ಅಲ್ಲಿಗೆ ಬೇರೆ ಸಂವೇದಕಗಳಿವೆ, ಬೇರೆ ಗಂಟೆ ಇದೆ, ಬೆಂಕಿ ಆರಿಸುವ ಬಾಟಲಿಗಳಿವೆ.

ಒಳಗಿನ ಬಿಸಿಯ ಗಾಯ ಹೊರಗಿನ ಬೆಂಕಿಯಾದದ್ದೂ ಇತಿಹಾಸದಲ್ಲಿದೆ. 1985ರ ಆಗಸ್ಟ್ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬೋಯಿಂಗ್ 737 ಒಂದು ಟೇಕ್‌ಆಫ್‌ಗೆ ಓಡುತ್ತಿದ್ದಾಗ ಉರಿಕೋಣೆಯ ಒಂದು ಡಬ್ಬಿ ಬಿರಿಯಿತು. ಹಿಂದೆ ಬಿರುಕು ಬಿಟ್ಟಾಗ ವೆಲ್ಡಿಂಗ್ ಮಾಡಿ ಸರಿಪಡಿಸಿದ್ದ ಡಬ್ಬಿ ಅದು. ಅದರ ತುಂಡು ರೆಕ್ಕೆಯಲ್ಲಿನ ಇಂಧನ ಟ್ಯಾಂಕಿಗೆ ತೂತು ಮಾಡಿತು. ವಿಮಾನ ಹಾರದೆ ನೆಲದ ಮೇಲೆಯೇ ನಿಂತರೂ 55 ಜನ ತೀರಿಕೊಂಡರು, ಹೆಚ್ಚಿನವರು ಹೊಗೆಯಿಂದ. ಸೀಟಿನ ಬಟ್ಟೆ, ತುರ್ತು ಬಾಗಿಲ ಬಳಿಯ ಜಾಗ ಮುಂತಾದವುಗಳ ನಿಯಮಗಳು ಆ ಸಾವುಗಳ ನಂತರ ಬಿಗಿಯಾದವು. ಬಿಸಿ ಲೋಹಕ್ಕೆ ಕೊಟ್ಟ ಸಣ್ಣ ಬಿರುಕನ್ನೂ ಹುಡುಕಿ ನೋಡಬೇಕು ಎಂಬ ಹಟ ಎಂಜಿನ್ ತಂತ್ರಜ್ಞರಿಗೆ ಇರುವುದು ಇಂಥವನ್ನು ಕಂಡೇ.

ವಾಪಸ್ ಬಂದ ಮೇಲೆ

ನಮ್ಮನ್ನು ಇಳಿಸುವ ಮೊದಲು ವಿಮಾನದ ಸುತ್ತ ಜನ ಬಂದು ಚಕ್ರಗಳನ್ನು ನೋಡಿದರು. ಎಂಜಿನ್ ಕಾದರೆ ಚಕ್ರ ಏಕೆ ನೋಡುತ್ತಾರೆ ಎಂದು ಒಬ್ಬರು ಕೇಳಿದರು. ಓಡುತ್ತಿದ್ದ ಟನ್‌ಗಟ್ಟಲೆ ಭಾರವನ್ನು ನಿಲ್ಲಿಸಿದ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಕೂತಿರುತ್ತದೆ. ಹೆಚ್ಚಿನ ವೇಗದಲ್ಲಿ ನಿಂತಿದ್ದರೆ ಟಯರ್ ಸಿಡಿಯುವಷ್ಟು ಕಾಯಬಹುದು. ಹಾಗಾಗಬಾರದೆಂದು ಚಕ್ರದಲ್ಲಿ ಬೇಗ ಕರಗುವ ಬಿರಡೆಗಳಿರುತ್ತವೆ, ಅವು ಕರಗಿ ಗಾಳಿಯನ್ನು ಮೆಲ್ಲಗೆ ಬಿಡುತ್ತವೆ.

ಎಂಜಿನ್ನಿನ ಪರೀಕ್ಷೆಗೆ ಮೊದಲು ಬೇಕಾದದ್ದು ಎರಡು ಅಂಕಿ: ಎಷ್ಟು ಡಿಗ್ರಿ ಮೀರಿತು, ಎಷ್ಟು ಸೆಕೆಂಡು ಮೀರಿತು. ಎರಡನ್ನೂ ಕಂಪ್ಯೂಟರ್ ಬರೆದಿಟ್ಟಿರುತ್ತದೆ. ತಯಾರಕರ ಕೈಪಿಡಿಯ ಪಟ್ಟಿಯಲ್ಲಿ ಇವನ್ನು ಹೊಂದಿಸಿ ನೋಡಿದರೆ ಮುಂದಿನ ದಾರಿ ಗೊತ್ತಾಗುತ್ತದೆ. ತೊಂದರೆ ಹುಡುಕಿ ಸರಿಪಡಿಸಿದರೆ ಸಾಕೋ, ಒಳಗೆ ನೋಡಬೇಕೋ, ಎಂಜಿನ್ನನ್ನೇ ಬಿಚ್ಚಬೇಕೋ. ಒಳಗೆ ನೋಡಲು ಬೋರೋಸ್ಕೋಪ್ ಎಂಬ ಬಳುಕುವ ಕ್ಯಾಮೆರಾ ಬಳಸುತ್ತಾರೆ. ಡಾಕ್ಟರು ಎಂಡೋಸ್ಕೋಪಿ ಮಾಡಿದ ಹಾಗೆ ಸಣ್ಣ ತೂತಿನಿಂದ ಇಳಿಸಿ, ಚಕ್ರವನ್ನು ಕೈಯಿಂದ ನಿಧಾನ ತಿರುಗಿಸುತ್ತಾ ಒಂದೊಂದೇ ಬ್ಲೇಡು ನೋಡುತ್ತಾರೆ. ಅಂಚು ಸುಟ್ಟಿದೆಯೇ, ಲೇಪ ಎದ್ದಿದೆಯೇ, ರಂಧ್ರ ಮುಚ್ಚಿದೆಯೇ.

ಕತ್ತಲಾಗುತ್ತಿದ್ದಾಗ ಟರ್ಮಿನಲ್ಲಿನಲ್ಲಿ ಎದುರಾದ ತಂತ್ರಜ್ಞರೊಬ್ಬರು, ಒಂದು ಬ್ಲೀಡ್ ವಾಲ್ವು ಪೂರ್ತಿ ಮುಚ್ಚಿಕೊಂಡಿರಲಿಲ್ಲ ಎಂದರು. ಬ್ಲೇಡುಗಳಿಗೆ ಏನೂ ಆಗಿರಲಿಲ್ಲ. ಆಯಿ ಇನ್ನೂ ಅಲ್ಲೇ ಕುರ್ಚಿಯಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಕುಳಿತು, "ಜಳಕದ ನೀರಿಗೆ ತಣ್ಣೀರ ಸಾಲಲಿಲ್ಲ ಆಯಿ, ಹಿತ್ತಲದಾಗಿನ ನಳ ಬಿಟ್ಟಂಗ ಇತ್ತು" ಎಂದು ಹೇಳಿದೆ.

ಸ್ವಲ್ಪ ಹೊತ್ತು ಯೋಚಿಸಿದರು. "ಮೈಮ್ಯಾಲ ಸುರಕೊಳ್ಳೂದಕ್ಕಿಂತ ಮದಲ ಕೈ ಅದ್ದಿ ನೋಡ್ಯಾರ ಹಂಗಾರ" ಎಂದು, ಡಬ್ಬಿಯ ಮುಚ್ಚಳ ತೆಗೆದು ಒಂದು ಕರದಂಟು ನನ್ನ ಕೈಗಿಟ್ಟರು.